ಹಿಮದಂಥ ಕಲ್ಲಿನಿಂದ ಅಲ್ಯುಮಿನಾ ತೆಗೆದ ಜೂಲಿಯಸ್ ಥಾಮ್ಸನ್

ನವಿ ಮುಂಬೈ ಬಳಿಯ ತಳೋಜಾದಲ್ಲಿ ಅಲ್ಯುಮಿನಿಯಂ ತಗಡು ತಯಾರಾಗುತ್ತದೆ. ಈ ಲೋಹದ ಮೂಲ ಅಲ್ಯುಮಿನಾ ಎಂಬ ಬಿಳಿ ಪುಡಿ. ಜಗತ್ತಿನ ಬಹುಪಾಲು ಅಲ್ಯುಮಿನಾ ಬರುವುದು ಬಾಕ್ಸೈಟ್ ಅದಿರಿನಿಂದ. ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆಯೂ ಇದನ್ನೇ ನೆಚ್ಚಿದೆ. ಆದರೆ ಬಾಕ್ಸೈಟ್ ಇಲ್ಲದೆಯೂ ಅಲ್ಯುಮಿನಾ ತೆಗೆಯಬಹುದು ಎಂದು 19ನೇ ಶತಮಾನದಲ್ಲೇ ಕಾರ್ಖಾನೆ ಮಟ್ಟದಲ್ಲಿ ತೋರಿಸಿದವರು ಡೆನ್ಮಾರ್ಕ್‌ನ ಜೂಲಿಯಸ್ ಥಾಮ್ಸನ್.

1826ರ ಫೆಬ್ರವರಿ 16ರಂದು ಕೋಪನ್‌ಹೇಗನ್‌ನಲ್ಲಿ ಹುಟ್ಟಿದ ಥಾಮ್ಸನ್, ಅಲ್ಲಿನ ಪಾಲಿಟೆಕ್ನಿಕ್‌ನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಅವರ ಕಣ್ಣಿಗೆ ಬಿದ್ದದ್ದು ಗ್ರೀನ್‌ಲ್ಯಾಂಡ್‌ನ ಇವಿಟ್ಟುಟ್‌ನಲ್ಲಿ ಸಿಗುತ್ತಿದ್ದ ಕ್ರಯೋಲೈಟ್. ನೋಡಲು ಮಂಜುಗಡ್ಡೆಯಂತಿರುವ ಈ ಕಲ್ಲಿನಲ್ಲಿ ಸೋಡಿಯಂ, ಅಲ್ಯುಮಿನಿಯಂ ಮತ್ತು ಫ್ಲೋರಿನ್ ಇವೆ.

ಥಾಮ್ಸನ್ ವಿಧಾನ ಸರಳವಾಗಿತ್ತು. ಕ್ರಯೋಲೈಟ್ ಪುಡಿಗೆ ಸುಣ್ಣಕಲ್ಲು ಬೆರೆಸಿ ಕಾಯಿಸಬೇಕು. ಬಳಿಕ ನೀರು ಹಾಕಿದರೆ ಸೋಡಿಯಂ ಅಲ್ಯುಮಿನೇಟ್ ಕರಗಿ ಬರುತ್ತದೆ. ಫ್ಲೋರಿನ್ ಸುಣ್ಣದ ಜತೆ ಸೇರಿ ಹಿಂದುಳಿಯುತ್ತದೆ. ಆ ದ್ರಾವಣಕ್ಕೆ ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ ಅಲ್ಯುಮಿನಿಯಂ ಹೈಡ್ರಾಕ್ಸೈಡ್ ತಳಕ್ಕೆ ಇಳಿಯುತ್ತದೆ, ಸೋಡಾ ನೀರಿನಲ್ಲಿ ಉಳಿಯುತ್ತದೆ. ಹೈಡ್ರಾಕ್ಸೈಡ್ ಕಾಯಿಸಿದರೆ ಅಲ್ಯುಮಿನಾ. 1857ರ ಹೊತ್ತಿಗೆ ಕೋಪನ್‌ಹೇಗನ್‌ನಲ್ಲಿ ಇದು ಉದ್ಯಮವಾಯಿತು. ಸೋಡಾ ಸಾಬೂನಿಗೆ, ಅಲ್ಯುಮಿನಾ ಬಟ್ಟೆಗೆ ಬಣ್ಣ ಹಿಡಿಸುವ ಪಟಿಕಕ್ಕೆ ಬೇಕಿತ್ತು.

1866ರಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಥಾಮ್ಸನ್, ರಾಸಾಯನಿಕ ಕ್ರಿಯೆಗಳ ಶಾಖ ಅಳೆಯುವ ಕೆಲಸದಿಂದ ಜಗತ್ಪ್ರಸಿದ್ಧರಾದರು. 1883ರಲ್ಲಿ ಫ್ರಾನ್ಸ್‌ನ ಬರ್ತೆಲೊ ಜತೆ ಡೇವಿ ಪದಕ ಪಡೆದರು. ಮೂರು ದಶಕಕ್ಕೂ ಹೆಚ್ಚು ಕಾಲ ನಗರಸಭೆ ಸದಸ್ಯರೂ ಆಗಿದ್ದರು.

ಅಷ್ಟರಲ್ಲಿ ಮಾರುಕಟ್ಟೆ ಬದಲಾಯಿತು. ಸಾಲ್ವೆ ವಿಧಾನದ ಸೋಡಾ ಅಗ್ಗವಾಗಿ ಬಂತು. 1888ರಲ್ಲಿ ಪೇಟೆಂಟ್ ಆದ ಬೇಯರ್ ವಿಧಾನದಿಂದ ಬಾಕ್ಸೈಟ್ ಮುಂದಕ್ಕೆ ಬಂತು. ಕ್ರಯೋಲೈಟ್‌ಗೆ ಮಾತ್ರ ಹೊಸ ಕೆಲಸ ಸಿಕ್ಕಿತು: 1886ರ ಹಾಲ್-ಹೆರೂ ವಿಧಾನದಲ್ಲಿ ಅಲ್ಯುಮಿನಾ ಕರಗಿಸುವ ದ್ರವವೇ ಕಾದ ಕ್ರಯೋಲೈಟ್.

ಥಾಮ್ಸನ್ 1909ರ ಫೆಬ್ರವರಿ 13ರಂದು ನಿಧನರಾದರು. ಈ ಕಲ್ಲಿನ ಇನ್ನೊಂದು ಮುಖ ಕಂಡದ್ದು ಆಮೇಲೆ. 1930ರ ದಶಕದಲ್ಲಿ ಕೋಪನ್‌ಹೇಗನ್‌ನ ಕ್ರಯೋಲೈಟ್ ಕಾರ್ಮಿಕರನ್ನು ಪರೀಕ್ಷಿಸಿದ ವೈದ್ಯರು, ದೂಳಿನ ಮೂಲಕ ಒಳಹೊಕ್ಕ ಫ್ಲೋರೈಡ್ ಅವರ ಮೂಳೆಗಳನ್ನು ಕೆಡಿಸಿದ್ದನ್ನು ಪತ್ತೆ ಹಚ್ಚಿದರು. ಕರ್ನಾಟಕದ ಹಲವು ಹಳ್ಳಿಗಳಿಗೆ ಕುಡಿಯುವ ನೀರಿನಿಂದ ಪರಿಚಿತವಾದ ಫ್ಲೋರೋಸಿಸ್ ಅದು.

1987ರಲ್ಲಿ ಇವಿಟ್ಟುಟ್ ಗಣಿ ಮುಚ್ಚಿತು. ಇಂದು ಜೇಡಿಮಣ್ಣು, ಹಾರುಬೂದಿಯಿಂದ ಅಲ್ಯುಮಿನಾ ತೆಗೆಯುವ ಪ್ರಯತ್ನಗಳು ನಡೆದಿವೆ. ಅದಿರಿನಿಂದ ಎಷ್ಟು ಸಿಗುತ್ತದೆ ಎಂಬುದರ ಜತೆಗೆ, ಉಳಿದದ್ದು ಯಾರ ಮೈ ಸೇರುತ್ತದೆ ಎಂಬ ಲೆಕ್ಕವನ್ನೂ ಹಾಕಬೇಕೆಂದು ಥಾಮ್ಸನ್ ಅವರ ಕಲ್ಲಿನ ಕಥೆ ನೆನಪಿಸುತ್ತದೆ.