ಚೋಮನ ದುಡಿಗೆ ದನಿಯಿತ್ತವರು

ಬಿ. ವಿ. ಕಾರಂತರು 1929ರಲ್ಲಿ ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಮನೆ ತೊರೆದು ಗುಬ್ಬಿ ಕಂಪನಿಯನ್ನು ಸೇರಿದರು. ಮುಂದೆ ಕಾಶಿಯಲ್ಲಿ ಓಂಕಾರನಾಥ ಠಾಕೂರರಿಂದ ಸಂಗೀತವನ್ನೂ ದೆಹಲಿಯಲ್ಲಿ ನಾಟ್ಯವಿದ್ಯೆಯನ್ನೂ ಕಲಿತರು.

ಶಿವರಾಮ ಕಾರಂತರ ಕಾದಂಬರಿಯನ್ನಾಧರಿಸಿದ 1975ರ ‘ಚೋಮನ ದುಡಿ’ ಚಿತ್ರಕ್ಕೆ ನಿರ್ದೇಶನ, ಸಂಗೀತಗಳೆರಡೂ ಅವರವೇ. ಅಸ್ಪೃಶ್ಯನೆಂಬ ಕಾರಣಕ್ಕೆ ಉಳಲು ನೆಲ ದೊರೆಯದ ಚೋಮನ ಅಳಲನ್ನು ಅಲ್ಲಿ ಮಾತಿಗಿಂತ ದುಡಿಯೇ ಹೆಚ್ಚಾಗಿ ನುಡಿಯುತ್ತದೆ. ಕೊನೆಗೆ ಬಾಗಿಲಿಕ್ಕಿಕೊಂಡು ಅದನ್ನು ಬಾರಿಸುತ್ತಲೇ ಅವನು ಮಡಿಯುತ್ತಾನೆ. ಚಿತ್ರಕ್ಕೆ ಸ್ವರ್ಣಕಮಲ ಸಂದಿತು. ‘ಋಷ್ಯಶೃಂಗ’, ‘ಘಟಶ್ರಾದ್ಧ’ಗಳ ಸಂಗೀತಕ್ಕೂ ರಾಷ್ಟ್ರಪ್ರಶಸ್ತಿಗಳು ಬಂದವು.

2002ರಲ್ಲಿ ಕಾರಂತರು ತೀರಿಕೊಂಡರು. ಬೀದರ, ಭಾಲ್ಕಿ, ಔರಾದಗಳಲ್ಲಿ ಬರಿಗೈಯಿಂದ ನಾಟಕಕ್ಕೆ ತೊಡಗುವ ವಿದ್ಯಾರ್ಥಿಗಳಿಗೆ ಅವರ ಬಾಳು ಕಲಿಸುವುದಿಷ್ಟು: ವಾದ್ಯವಿಲ್ಲದೆಡೆ ಕಲ್ಲು, ಕೋಲು, ತರಗೆಲೆಗಳೂ ಕಥೆ ಹೇಳಬಲ್ಲವು, ಕೇಳುವ ಕಿವಿಯೊಂದಿದ್ದರೆ ಸಾಕು.