ಕಲ್ಲು ಮನೆಯ ಕಲೆಕ್ಟರ್ ಜಾನ್ ಸಲಿವನ್

ಉದಕಮಂಡಲಕ್ಕೆ ಪ್ರವಾಸ ಹೋಗಿ ಬಂದ ಮಕ್ಕಳನ್ನು ಏನು ನೋಡಿದಿರಿ ಎಂದು ಕೇಳಿದರೆ ಕೆರೆ, ದೋಣಿ, ಸಸ್ಯೋದ್ಯಾನ, ಪುಟ್ಟ ರೈಲು ಎನ್ನುತ್ತಾರೆ. ಕಲ್ಲು ಮನೆ ನೋಡಿದೆವು ಎನ್ನುವವರು ಕಡಿಮೆ. ಆ ಊರಿನ ಕಥೆಯೆಲ್ಲ ಆ ಮನೆಯಿಂದಲೇ ಹೊರಟಿದೆ.

ಜಾನ್ ಸಲಿವನ್ ಹುಟ್ಟಿದ್ದು 1788ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿ ನಮ್ಮ ದೇಶಕ್ಕೆ ಬಂದು ಕೊಯಮತ್ತೂರಿನ ಕಲೆಕ್ಟರನಾದನು. 1819ರಲ್ಲಿ ನೀಲಗಿರಿಯನ್ನು ಹತ್ತಿದನು. ಆಗ ಅಲ್ಲಿಗೆ ಸರಿಯಾದ ರಸ್ತೆ ಇರಲಿಲ್ಲ. ಏರಿದಂತೆಲ್ಲ ಕಾಡು, ಚಳಿ. ಜತ್ತ ಸೀಮೆಯ ಬೇಸಿಗೆ ಕಂಡ ನಮಗೆ, ಏಳು ಸಾವಿರ ಅಡಿ ಎತ್ತರದ ಆ ತಂಪು ಅವನನ್ನು ಹೇಗೆ ಹಿಡಿದು ನಿಲ್ಲಿಸಿರಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ.

1822ರಲ್ಲಿ ಉದಕಮಂಡಲದಲ್ಲಿ ಕಲ್ಲಿನ ಮನೆ ಕಟ್ಟಲು ತೊಡಗಿದನು. ಜನ ಅದನ್ನು ಕಲ್ಲು ಬಂಗಲೆ ಎಂದರು. ಆ ನೆಲ ಎಮ್ಮೆ ಸಾಕಿ ಬದುಕುವ ತೋಡರದು. ಎಕರೆಗೆ ಒಂದು ರೂಪಾಯಿಯಂತೆ ಅವರಿಂದ ಕೊಂಡನೆಂದು ಹೇಳುತ್ತಾರೆ. ಆಲೂಗಡ್ಡೆ, ಕೋಸು ಮೊದಲಾದ ಶೀತದೇಶದ ತರಕಾರಿಗಳನ್ನು ಬೆಳೆಸಿದನು. ತೊರೆಗಳಿಗೆ ಒಡ್ಡು ಹಾಕಿಸಿ 1823-25ರಲ್ಲಿ ಕೆರೆ ಮಾಡಿಸಿದನು. ಇಂದು ದೋಣಿ ಓಡುವ ಕೆರೆ ಅದೇ. ಆದರೆ ಮೊದಲಿನಷ್ಟು ದೊಡ್ಡದಲ್ಲ. ಅದರ ಒಂದು ಭಾಗ ಬಸ್ ನಿಲ್ದಾಣಕ್ಕೂ ಕುದುರೆ ಪಂದ್ಯದ ಮೈದಾನಕ್ಕೂ ಹೋಗಿದೆ.

ಇಷ್ಟೇ ಆಗಿದ್ದರೆ, ತಂಪು ಜಾಗ ಹುಡುಕಿಕೊಂಡ ಒಬ್ಬ ಸಾಹೇಬನ ಕಥೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಬೆಟ್ಟದ ನೆಲ ಯಾರದು ಎಂಬ ಪ್ರಶ್ನೆ ಎದ್ದಾಗ, ಅದು ತೋಡರದೇ, ಸರಕಾರದ್ದಲ್ಲ ಎಂದು ಸಲಿವನ್ ತನ್ನ ಮೇಲಿನವರೊಡನೆ ವಾದಿಸಿದನು. ಅವನ ಮಾತು ನಡೆಯಲಿಲ್ಲ. ಬೆಟ್ಟಕ್ಕೆ ದಾರಿ ತೆರೆದವನೇ ಅವನು. ಆ ದಾರಿಯಲ್ಲಿ ಬಂದವರನ್ನು ತಡೆಯುವುದು ಅವನಿಂದಾಗಲಿಲ್ಲ. ಇದು ಅವನ ತಪ್ಪೋ ದುರ್ದೈವವೋ, ಮಕ್ಕಳು ತಂದೆತಾಯಿಗಳೊಡನೆ ಕೂತು ವಿಚಾರ ಮಾಡಲಿ.

1838ರಲ್ಲಿ ಅವನ ಹೆಂಡತಿ ಹೆನ್ರಿಯೆಟ್ಟಾ ಮತ್ತು ಮಗಳು ಹ್ಯಾರಿಯೆಟ್ ಇಬ್ಬರೂ ತೀರಿಕೊಂಡರು. ಸೇಂಟ್ ಸ್ಟೀಫನ್ ಇಗರ್ಜಿಯ ಅಂಗಳದಲ್ಲಿ ಅವರ ಸಮಾಧಿಗಳಿವೆ. ಆ ಇಗರ್ಜಿಯ ತೊಲೆಗಳು ನಮ್ಮ ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ತಂದವು. ಕೆಲವು ವರ್ಷಗಳಲ್ಲಿ ಸಲಿವನ್ ಇಂಗ್ಲೆಂಡಿಗೆ ಮರಳಿದನು. 1855ರಲ್ಲಿ ಅಲ್ಲಿಯೇ ತೀರಿಕೊಂಡನು.

ಸಸ್ಯೋದ್ಯಾನ ಅವನು ಮಾಡಿದ್ದಲ್ಲ. ಅದಕ್ಕೆ ರೂಪ ಕೊಟ್ಟವನು 1848ರಲ್ಲಿ ಬಂದ ಮೆಕೈವರ್ ಎಂಬ ತೋಟಗಾರ. ಅಲ್ಲಿ ಎರಡು ಕೋಟಿ ವರ್ಷದ, ಕಲ್ಲಾಗಿ ಹೋದ ಮರದ ಬೊಡ್ಡೆಯೊಂದಿದೆ. ಎಲ್ಲರೂ ಅದನ್ನು ಮುಟ್ಟಿ ನೋಡುತ್ತಾರೆ. ಕಲ್ಲು ಮನೆ ಈಗ ಸರಕಾರಿ ಕಲಾ ಕಾಲೇಜಿನ ವಶದಲ್ಲಿದೆ.

ಮುಂದಿನ ಸಲ ಹೋದವರು ಉದ್ಯಾನದ ಹೂವಿನ ಮಡಿಗಳಲ್ಲೇ ನಿಲ್ಲದೆ ಮೇಲಕ್ಕೆ ಹತ್ತಿರಿ. ತುದಿಯಲ್ಲಿ ತೋಡರ ಒಂದು ಚಿಕ್ಕ ಹಟ್ಟಿ ಇದೆ. ಬಸ್ಸಿನ ಹೊತ್ತಾಯಿತೆಂದು ಬಹಳ ಜನ ಅಲ್ಲಿಯವರೆಗೆ ಹೋಗುವುದಿಲ್ಲ.