ಎಂ. ವಿ. ಗೋಪಾಲಸ್ವಾಮಿ

ಡಾ. ಎಂ. ವಿ. ಗೋಪಾಲಸ್ವಾಮಿ (1896–1957) ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 'ಆಕಾಶವಾಣಿ' ಎಂಬ ಖಾಸಗಿ ಬಾನುಲಿ ಕೇಂದ್ರದ ಸ್ಥಾಪಕರೆಂದೇ ಅವರು ಹೆಚ್ಚು ಪ್ರಸಿದ್ಧರು.

ಲಂಡನ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ವ್ಯಾಸಂಗ ಮಾಡಿದ ಇವರು, 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದರು. ಪಾಶ್ಚಾತ್ಯ ಬುದ್ಧಿಮಾಪನ ಪರೀಕ್ಷೆಗಳನ್ನು ಭಾರತೀಯರಿಗೆ ಒಗ್ಗಿಸಿದರು.

1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ 30 ವ್ಯಾಟ್ ಸಾಮರ್ಥ್ಯದ ಪ್ರೇಷಕದ ಮೂಲಕ ಪ್ರಸಾರ ಆರಂಭಿಸಿದರು. ಮೊದಲ ದಿನ ಕುವೆಂಪು ಅವರು ಕಾವ್ಯವಾಚನ ಮಾಡಿದರು. 30 ವ್ಯಾಟ್ ಎಂದರೆ ಒಂದು ಸಣ್ಣ ವಿದ್ಯುದ್ದೀಪದಷ್ಟೇ ಶಕ್ತಿ. ಅಡೆತಡೆಯಿಲ್ಲದ ಬಯಲಿನಲ್ಲಿಯೂ ದೂರ ಇಮ್ಮಡಿಯಾದರೆ ತರಂಗದ ಪ್ರಬಲತೆ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ಮುಂದೆ ಅವರು 250 ವ್ಯಾಟಿನ ಪ್ರೇಷಕವನ್ನು ತರಿಸಿದರು. ಶಕ್ತಿ ಎಂಟು ಪಟ್ಟು ಹೆಚ್ಚಿದರೂ ಅದೇ ಲೆಕ್ಕದಲ್ಲಿ ಪ್ರಸಾರದ ದೂರ ಮೂರು ಪಟ್ಟನ್ನೂ ಮುಟ್ಟದು. ಪ್ರತಿ ಮೈಲಿಗೂ ಹೀಗೆ ಬೆಲೆ ತೆರಬೇಕಿತ್ತು. ಸುಮಾರು ಆರು ವರ್ಷ ಈ ವೆಚ್ಚದ ಬಹುಭಾಗವನ್ನು ಪ್ರಾಧ್ಯಾಪಕರೊಬ್ಬರು ಸ್ವಂತ ಹಣದಿಂದ ಭರಿಸಿದ್ದು ಸಾಮಾನ್ಯ ಸಂಗತಿಯಲ್ಲ.

ತರಂಗದ ಪ್ರಬಲತೆಯನ್ನು ಉಪಕರಣ ಅಳೆಯಬಲ್ಲದು. ಧ್ವನಿಯ ಗುಣಮಟ್ಟಕ್ಕೆ ಕಿವಿಯೇ ಸಾಕ್ಷಿ. ಇಂದಿನ ಮೊಬೈಲ್ ಸಂಪರ್ಕದಲ್ಲಿಯೂ ಕೇಳುಗರಿಂದ 1ರಿಂದ 5ರವರೆಗೆ ಅಂಕ ಪಡೆದು ಸರಾಸರಿ ತೆಗೆಯುವ ಕ್ರಮವಿದೆ. ಅದು ಮೂಲತಃ ಗೋಪಾಲಸ್ವಾಮಿಯವರ ಶಾಸ್ತ್ರಕ್ಕೆ ಸೇರಿದ ವಿಧಾನ.

ಬಳಿಕ ಮೈಸೂರು ಸಂಸ್ಥಾನವು ಕೇಂದ್ರವನ್ನು ವಹಿಸಿಕೊಂಡಿತು. ಸ್ವಾತಂತ್ರ್ಯಾನಂತರ ಅದು ಅಖಿಲ ಭಾರತ ಬಾನುಲಿಯಲ್ಲಿ ವಿಲೀನಗೊಂಡು, 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರವಾಯಿತು. 'ಆಕಾಶವಾಣಿ' ಎಂಬ ಹೆಸರನ್ನು ರಾಷ್ಟ್ರೀಯ ಬಾನುಲಿಯೂ ಸ್ವೀಕರಿಸಿತು. ಹಂಪಿ, ಸಂಡೂರು, ಕಂಪ್ಲಿಗಳಿಗೆ ಸಮೀಪದ ಹೊಸಪೇಟೆ ಕೇಂದ್ರವೂ ಇಂದು ಅದೇ ಹೆಸರಿನಲ್ಲಿ ಪ್ರಸಾರ ಮಾಡುತ್ತದೆ.